ದೀಪಾವಳಿಯ ಬಣ್ಣದ ರಂಗೋಲಿ: ಚಿತ್ರ ಆರಿಸುವುದು ಕಡೆಯ ಕೆಲಸ

ದೀಪಾವಳಿಗೆ ಇನ್ನು ವಾರವಿದೆ ಎನ್ನುವಾಗ ಹೆಚ್ಚಿನ ಮನೆಗಳಲ್ಲಿ ಮೊದಲು ಶುರುವಾಗುವುದು ಚಿತ್ರದ ಹುಡುಕಾಟ. ನವಿಲೋ, ಕಮಲವೋ, ದೀಪದ ಸಾಲೋ ಎಂದು ಮೊಬೈಲಿನಲ್ಲಿ ಆರಿಸಿಟ್ಟುಕೊಳ್ಳುತ್ತಾರೆ. ಹಬ್ಬದ ಹಿಂದಿನ ಸಂಜೆ ಬಣ್ಣದ ಪೊಟ್ಟಣ ತಂದು ನೇರವಾಗಿ ಅಂಗಳಕ್ಕೆ ಇಳಿಯುತ್ತಾರೆ. ಆಮೇಲೆ ಗೆರೆ ದಪ್ಪವಾಗುತ್ತದೆ, ಹಳದಿ ಮಂಕಾಗುತ್ತದೆ, ಅರ್ಧ ತುಂಬುವಷ್ಟರಲ್ಲಿ ಹಸಿರು ಮುಗಿಯುತ್ತದೆ, ಬೆಳಿಗ್ಗೆ ಎದ್ದು ನೋಡಿದರೆ ಅಂಚುಗಳೆಲ್ಲ ಕಲಸಿಹೋಗಿರುತ್ತವೆ. ಕೈ ಪಳಗಿಲ್ಲ ಎಂದು ಬೇಸರ ಪಡುತ್ತಾರೆ. ಕೈಯದು ಇದರಲ್ಲಿ ಸಣ್ಣ ಪಾಲು, ಕೆಲಸದ ಕ್ರಮ ತಲೆಕೆಳಗಾದದ್ದೇ ದೊಡ್ಡ ಪಾಲು. ನೆಲ ಎಂಥದ್ದು, ಹವೆ ಹೇಗಿದೆ, ಕೈಗೆ ಸಿಕ್ಕಿರುವ ಪುಡಿ ಎಂಥದ್ದು, ಈ ಮೂರನ್ನು ನೋಡಿದ ಮೇಲೆ ಚಿತ್ರ ಆರಿಸಬೇಕು. ಹಾಗೆ ಆರಿಸಿದ ಸಾದಾ ಎಂಟು ಎಸಳಿನ ಹೂವು ಕೂಡ ಅಂಗಳ ತುಂಬಿ ನಿಲ್ಲುತ್ತದೆ.

ಸಗಣಿ ಸಾರಿಸಿದ ಮಣ್ಣಿನ ಅಂಗಳಕ್ಕಿಂತ ಒಳ್ಳೆಯ ನೆಲ ರಂಗೋಲಿಗೆ ಇಂದಿಗೂ ಇಲ್ಲ. ಹಿನ್ನೆಲೆ ಗಾಢವಾಗಿರುತ್ತದೆ, ಮೈ ಸ್ವಲ್ಪ ಒರಟಾಗಿರುತ್ತದೆ, ಪುಡಿಯನ್ನು ಹಿಡಿದಿಡುವಷ್ಟು ತೇವವೂ ಇರುತ್ತದೆ. ಸಾರಿಸಿದ ಮೇಲೆ ನೀರಿನ ಹೊಳಪು ಆರಬೇಕು. ಬೆರಳಿಟ್ಟರೆ ತಂಪು ತಗುಲಬೇಕು, ಬೆರಳು ಒದ್ದೆಯಾಗಬಾರದು. ಆ ಹದದಲ್ಲಿ ಎಳೆದ ಬಿಳಿ ಗೆರೆ ನೆಲಕ್ಕೆ ಕಚ್ಚಿಕೊಂಡು ಕೂರುತ್ತದೆ. ಬಣ್ಣಕ್ಕೆ ಮಾತ್ರ ಈ ತೇವ ಆಗಿಬರುವುದಿಲ್ಲ. ಹಸಿ ನೆಲಕ್ಕೆ ಬಿದ್ದ ಬಣ್ಣ ಕೆಳಗಿನಿಂದ ನೀರು ಹೀರಿ ಕಪ್ಪಾಗುತ್ತದೆ, ಅಲ್ಲಲ್ಲಿ ಗಂಟು ಕಟ್ಟುತ್ತದೆ, ಒಣಗಿದಾಗ ತೇಪೆ ತೇಪೆಯಾಗಿ ಕಾಣುತ್ತದೆ. ಆದ್ದರಿಂದ ಬಿಳಿ ಗೆರೆ ಹಸಿಯ ಮೇಲೆ, ಬಣ್ಣ ಪೂರ್ತಿ ಒಣಗಿದ ಮೇಲೆ. ನಡುವೆ ಸಿಗುವ ಹೊತ್ತಿನಲ್ಲಿ ಹಬ್ಬದ ಬೇರೆ ಕೆಲಸ ಮುಗಿಸಿಕೊಳ್ಳಬಹುದು.

ಸಿಮೆಂಟಿನ ಅಂಗಳದಲ್ಲಿ ತೊಂದರೆ ಬೇರೆ. ಒರಟು ಸಿಮೆಂಟಿನ ಸಣ್ಣ ಗುಂಡಿಗಳಲ್ಲಿ ಹಿಂದಿನ ಹಬ್ಬದ ಬಣ್ಣ ಉಳಿದಿರುತ್ತದೆ. ಒಣ ಕಡ್ಡಿಪೊರಕೆಯಿಂದ ಚೆನ್ನಾಗಿ ಗುಡಿಸಿ, ತೊಳೆದು, ಒಣಗಲು ಅರ್ಧ ದಿನವಾದರೂ ಬಿಡಬೇಕು. ಮೇಲೆ ಒಣಗಿದಂತೆ ಕಂಡರೂ ಸಿಮೆಂಟು ಒಳಗೆ ನೀರು ಹಿಡಿದಿರುತ್ತದೆ. ಅನುಮಾನವಿದ್ದರೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ ಒಂದು ಗಂಟೆ ಬಿಟ್ಟು ಎತ್ತಿ ನೋಡಿ. ಅಡಿಯಲ್ಲಿ ಹನಿ ಕೂತಿದ್ದರೆ ಇನ್ನೂ ಕಾಯಬೇಕು. ಹೊಸದಾಗಿ ಹಾಕಿದ ಸಿಮೆಂಟಿನ ಮೇಲೆ ಅರಿಶಿನ ಬಳಸಲೇಬೇಡಿ. ಹೊಸ ಸಿಮೆಂಟಿನಲ್ಲಿ ಸುಣ್ಣದ ಗುಣವಿರುತ್ತದೆ, ಸುಣ್ಣ ಸೋಕಿದರೆ ಅರಿಶಿನ ಕೆಂಪಾಗುತ್ತದೆ. ಸ್ವಲ್ಪ ತೇವ ಸಿಕ್ಕರೆ ಸಾಕು, ಹಳದಿ ದಳ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ನೆಲದಲ್ಲಿ ಕಲೆಯಾಗಿ ಉಳಿಯುತ್ತದೆ. ಆರತಿಯ ಓಕುಳಿ ನೀರು ಕೆಂಪಾಗುವುದೂ ಅರಿಶಿನ ಸುಣ್ಣ ಕೂಡಿದಾಗ ನಡೆಯುವ ಇದೇ ಕ್ರಿಯೆಯಿಂದ. ಬಿಳಿ ಪುಡಿಯಲ್ಲಿ ಸುಣ್ಣ ಬೆರೆತಿದ್ದರೂ ಅರಿಶಿನ ಕೆಡುತ್ತದೆ. ಅದನ್ನು ಪರೀಕ್ಷಿಸಲು ಒಂದು ಚಿಟಿಕೆ ಬಿಳಿ ಪುಡಿಗೆ ಒಂದು ಚಿಟಿಕೆ ಅರಿಶಿನ, ಎರಡು ಹನಿ ನೀರು ಸೇರಿಸಿ ತಿಕ್ಕಿ ನೋಡಿದರಾಯಿತು.

ಹೊಳಪಿನ ಟೈಲ್ಸ್, ಪಾಲಿಶ್ ಮಾಡಿದ ಗ್ರಾನೈಟ್ ಮೇಲೆ ಪುಡಿ ಜಾರುತ್ತದೆ. ಸೆರಗು ಬೀಸಿದರೂ ಗೆರೆ ಕದಲುತ್ತದೆ. ಇಂಥ ನೆಲದಲ್ಲಿ ಸಪೂರ ಎಳೆಗಳ ಚಿತ್ರ ಬೇಡ, ಅಗಲ ದಳಗಳ ಚಿತ್ರ ಹಾಕಿ. ತುಂಬಿದ ಬಣ್ಣದ ತೂಕವೇ ಅದನ್ನು ನಿಲ್ಲಿಸುತ್ತದೆ. ತಿಳಿ ಬಣ್ಣದ ಟೈಲ್ಸ್ ಆದರೆ ಸಂದುಗಳಲ್ಲಿ ಬಣ್ಣ ಇಳಿಯುತ್ತದೆ, ಆ ಸಂದಿನ ಮೇಲೆ ಮೊದಲು ಬಿಳಿ ಪುಡಿ ಎಳೆದುಬಿಡುವುದು ಜಾಣತನ. ಒಳಮನೆಯ ರೆಡ್ ಆಕ್ಸೈಡ್ ನೆಲ ಮತ್ತು ಅಮೃತಶಿಲೆಯ ಮೇಲೆ ಕಲ್ಲಿನ ಪುಡಿಯ ರಂಗೋಲಿ ಹಾಕದಿರುವುದೇ ಒಳ್ಳೆಯದು. ಅದರ ಗಟ್ಟಿ ಕಣಗಳು ಕಾಲಡಿ ಸಿಕ್ಕಿ ಉಜ್ಜಿದಾಗ ಹೊಳಪು ಹೋಗುತ್ತದೆ. ಅಲ್ಲಿಗೆ ಅಕ್ಕಿ ಹಿಟ್ಟೇ ಸರಿ.

ಫ್ಲ್ಯಾಟಿನಲ್ಲಿ ಇರುವವರು ಇನ್ನೊಂದು ಅಳತೆ ನೋಡಿಕೊಳ್ಳಬೇಕು. ಗ್ರಿಲ್ ಬಾಗಿಲು ಹೊರಗೆ ತೆರೆಯುವುದಾದರೆ ಅದನ್ನು ಪೂರ್ತಿ ತೆರೆದು, ಅದರ ಅಂಚು ಸುತ್ತುವ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಮಾಡಿ, ಅದರಾಚೆ ನಾಲ್ಕು ಇಂಚು ಬಿಟ್ಟು ರಂಗೋಲಿ ಶುರುವಾಗಲಿ. ನಡೆದಾಡುವವರಿಗೆ ಒಂದೂವರೆ ಅಡಿ ದಾರಿ ಬಿಡದೆ ಹಾಕಿದ ರಂಗೋಲಿಯನ್ನು ಜನ ಬೇಕೆಂದೇ ತುಳಿಯುವುದಿಲ್ಲ, ಅವರಿಗೆ ಕಾಲಿಡಲು ಬೇರೆ ಜಾಗವೇ ಇರುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಸಗಣಿಯಿಂದ ಮಾಡಿದ ಪಾಂಡವರ ಪುಟ್ಟ ಗೊಂಬೆಗಳನ್ನು ಇಡುವ ಮನೆಗಳಲ್ಲಿ ಬಾಗಿಲ ಬದಿಯ ಆ ಜಾಗವನ್ನೂ ಮೊದಲೇ ಬಿಟ್ಟುಕೊಳ್ಳಬೇಕು.

ಹವೆಯ ವಿಷಯದಲ್ಲಿ ದೀಪಾವಳಿ ಸುಲಭದ ಹಬ್ಬವಲ್ಲ. ಸಂಕ್ರಾಂತಿಯ ಹೊತ್ತಿಗೆ ಒಣ ಚಳಿ, ಬಿಸಿಲು. ದೀಪಾವಳಿ ಬರುವುದು ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದೊಳಗೆ. ಆಗ ದಕ್ಷಿಣ ಒಳನಾಡಿನಲ್ಲಿ ಹಿಂಗಾರು ಮಳೆ ಸಂಜೆ ಹೊತ್ತಿಗೆ ಬರುವುದುಂಟು, ಈಶಾನ್ಯದ ಗಾಳಿಯೂ ಬೀಸುತ್ತದೆ. ಬಯಲಿನಲ್ಲಿ ದೊಡ್ಡದು ಹಾಕುವ ಆಸೆಯನ್ನು ಬಿಟ್ಟು, ಮಾಡಿನ ಕೆಳಗೆ ಮೂರಡಿಯದನ್ನು ಚೆನ್ನಾಗಿ ಹಾಕುವುದು ಮೇಲು. ಉಪ್ಪಿಗೆ ಬಣ್ಣ ಕಲಸಿ ರಂಗೋಲಿ ಹಾಕುವ ರೂಢಿ ಈಗ ಬಹಳ ಕಡೆ ಇದೆ. ಉಪ್ಪಿನ ಹರಳು ಹೊಳೆಯುತ್ತದೆ, ಅಗ್ಗವೂ ಹೌದು. ಆದರೆ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಕರಾವಳಿಯಲ್ಲಿ, ಇಬ್ಬನಿ ಬೀಳುವ ಮಲೆನಾಡಿನಲ್ಲಿ ಒಂದೇ ರಾತ್ರಿಗೆ ನೀರೊಡೆದು ಬಣ್ಣಗಳು ಒಂದಕ್ಕೊಂದು ಹರಿದುಬಿಡುತ್ತವೆ. ಉಪ್ಪು ಬಳಸುವುದಿದ್ದರೆ ಮನೆಯೊಳಗೆ, ಒಂದು ದಿನದ ಮಟ್ಟಿಗೆ ಮಾತ್ರ.

ಈಗ ಪುಡಿ. ಬಿಳಿ ರಂಗೋಲಿ ಪುಡಿ ಎಂದು ಸಿಗುವುದು ಬಿಳಿ ಕಲ್ಲನ್ನು ಬೀಸಿದ್ದು. ಅಂಗಡಿಯಲ್ಲೇ ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಬಿಗಿಯಬೇಕು. ಬಿಟ್ಟಾಗ ಉದುರಿಹೋಗಬೇಕು. ಉಂಡೆಯಾಗಿ ನಿಂತರೆ ಬಹಳ ನಯ, ಇಲ್ಲವೇ ತೇವ ಹಿಡಿದಿದೆ. ಅಂಥ ಪುಡಿ ಬೆರಳ ಬೆವರಿಗೆ ಅಂಟಿ ಗೆರೆ ಕಡಿದು ಕಡಿದು ಬರುತ್ತದೆ. ತೀರ ತರಿಯಾಗಿದ್ದರೆ ನೆಲಕ್ಕೆ ಬಿದ್ದ ಕಣ ಪುಟಿದು ಅಂಚು ಚದುರುತ್ತದೆ. ಗೆರೆಗೆ ನಯ ಮರಳಿನಷ್ಟು ತರಿ ಚೆನ್ನ, ತುಂಬುವುದಕ್ಕೆ ಅದಕ್ಕಿಂತ ಸ್ವಲ್ಪ ನಯವಾದದ್ದು ಚೆನ್ನ. ಎರಡು ಜರಡಿ ಇಟ್ಟುಕೊಂಡು ಒಂದೇ ಪುಡಿಯನ್ನು ಎರಡಾಗಿ ಬೇರ್ಪಡಿಸಿಕೊಳ್ಳಬಹುದು. ಜರಡಿ ಹಿಡಿಯುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಮಕ್ಕಳನ್ನು ದೂರವಿಡಿ. ಕಲ್ಲಿನ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಬಣ್ಣದಲ್ಲಿ ಮೋಸಹೋಗುವುದು ಗುಲಾಲಿನಲ್ಲಿ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಗೋಪುರವಾಗಿ ಒಟ್ಟಿದ ಪುಡಿಗಳ ಮುಂದೆ ನಿಂತರೆ ಎಲ್ಲವೂ ಬೇಕೆನಿಸುತ್ತದೆ, ಆದರೆ ಅಲ್ಲಿ ಕಾಣುವುದೆಲ್ಲ ನೆಲಕ್ಕೆ ಸುರಿಯುವ ಬಣ್ಣವಲ್ಲ. ಪಿಷ್ಟದ ಗುಲಾಲು ಬಹಳ ಹಗುರ. ಬೆರಳಿನಿಂದ ಸಮವಾಗಿ ಇಳಿಯುವುದಿಲ್ಲ, ಗಾಳಿಗೆ ಏಳುತ್ತದೆ, ಒದ್ದೆಯಾದರೆ ಹತ್ತಿದ ಕಲೆ ಹೋಗುವುದಿಲ್ಲ. ಅದನ್ನೇ ಬಳಸುವುದಾದರೆ ಒಂದು ಪಾಲು ಗುಲಾಲಿಗೆ ಎರಡು ಪಾಲು ಭಾರವಾದ ಪುಡಿ ಬೆರೆಸಬೇಕು. ಬಿಳಿ ರಂಗೋಲಿ ಪುಡಿ ಬೆರೆಸಿದರೆ ಬಣ್ಣ ತಿಳಿಯಾಗುತ್ತದೆ. ಗುಲಾಬಿ, ತಿಳಿಹಸಿರು ಬೇಕಾದಾಗ ಅದು ಸರಿ. ಕಡುಗೆಂಪು, ಕಡುಹಸಿರು ಹಾಗೇ ಉಳಿಯಬೇಕಾದರೆ ಬಿಳಿಯ ಬದಲು ತೊಳೆದು ಒಣಗಿಸಿ ಜರಡಿ ಹಿಡಿದ ನಯ ಮರಳು ಬೆರೆಸಿ.

ಮನೆಯಲ್ಲೇ ಬಣ್ಣ ಕಟ್ಟುವುದು ಕಷ್ಟವಲ್ಲ. ಒಂದು ಕಿಲೋ ಬಿಳಿ ಪುಡಿಯನ್ನು ಅಗಲವಾದ ಬೋಗುಣಿಗೆ ಹಾಕಿ, ಎರಡು ದೊಡ್ಡ ಚಮಚ ಪೋಸ್ಟರ್ ಬಣ್ಣವನ್ನು ಮೂರು ದೊಡ್ಡ ಚಮಚ ನೀರಿನಲ್ಲಿ ಕದಡಿ, ಒಂದೇ ಸಲ ಸುರಿಯದೆ ಚಿಮುಕಿಸುತ್ತ ಎರಡೂ ಅಂಗೈಯಲ್ಲಿ ಉಜ್ಜಬೇಕು. ಕೈಗವಸು ಇರಲಿ. ಒದ್ದೆ ಇದ್ದಾಗ ಬಣ್ಣ ಗಾಢವಾಗಿ ಕಾಣುತ್ತದೆ, ಒಣಗಿದ ಮೇಲೆ ತಿಳಿಯಾಗುತ್ತದೆ. ಆದ್ದರಿಂದ ಚೂರು ತೆಗೆದು ಒಣಗಿಸಿ ನೋಡಿದ ಮೇಲೆಯೇ ಇನ್ನಷ್ಟು ಬಣ್ಣ ಬೇಕೇ ಎಂದು ತೀರ್ಮಾನಿಸಿ. ನೆರಳಿನಲ್ಲಿ ಕಾಗದದ ಮೇಲೆ ಹರಡಿ ಒಂದು ದಿನ ಒಣಗಿಸಿ, ಗಂಟು ಪುಡಿಮಾಡಿ, ಮತ್ತೆ ಜರಡಿ ಹಿಡಿದರೆ ಕೆಲಸ ಮುಗಿಯಿತು. ನೀರು ಹೆಚ್ಚಾದರೆ ಬಣ್ಣ ತಳಕ್ಕಿಳಿದು ಮೇಲಿನ ಪುಡಿ ಬಿಳಿಯಾಗಿಯೇ ಉಳಿಯುತ್ತದೆ. ಅರಿಶಿನ ಬಿಸಿಲಿಗೆ ಮಾಸುತ್ತದೆ, ಹಾಗಾಗಿ ಅದು ಒಳಾಂಗಣಕ್ಕೆ, ಇಲ್ಲವೇ ರಾತ್ರಿಯ ಪೂಜೆಗೆ ಹೊಂದುವ ಬಣ್ಣ.

ಎಷ್ಟು ತರಬೇಕು ಎನ್ನುವುದಕ್ಕೆ ಅಂದಾಜಿಗಿಂತ ಲೆಕ್ಕ ಒಳ್ಳೆಯದು. ನೆಲ ಕಾಣದಂತೆ ತುಂಬಲು ಒಂದು ಮಿಲಿಮೀಟರ್ ದಪ್ಪ ಸಾಕು. ಮೂರಡಿ ಅಗಲದ ವೃತ್ತಕ್ಕೆ ಅದು ಮುಕ್ಕಾಲು ಲೀಟರಿಗಿಂತ ಸ್ವಲ್ಪ ಕಡಿಮೆ, ತೂಕದಲ್ಲಿ ಹತ್ತಿರ ಹತ್ತಿರ ಒಂದು ಕಿಲೋ. ನಾಲ್ಕಡಿಗೆ ಒಂದೂವರೆ ಕಿಲೋದ ಮೇಲೆ. ಆರಡಿಗೆ ನಾಲ್ಕು ಕಿಲೋದ ಆಸುಪಾಸು, ಏಕೆಂದರೆ ಅಗಲ ಇಮ್ಮಡಿಯಾದರೆ ಪುಡಿ ನಾಲ್ಕು ಪಟ್ಟು ಬೇಕು. ಇದರಲ್ಲಿ ಅರ್ಧದಷ್ಟನ್ನು ಹಿನ್ನೆಲೆಯ ಒಂದೇ ಬಣ್ಣ ತಿಂದುಬಿಡುತ್ತದೆ. ಪ್ರತಿ ಬಣ್ಣದ್ದೂ ಒಂದೊಂದು ಪೊಟ್ಟಣ ತಂದವರಿಗೆ ಅರ್ಧಕ್ಕೇ ಮುಗಿಯುವುದು ಆ ಬಣ್ಣವೇ. ಬಿಳಿ ಗೆರೆಗೆ ಬೇಕಾಗುವುದು ಬಹಳ ಕಡಿಮೆ, ನಾಲ್ಕು ಮಿಲಿಮೀಟರ್ ಅಗಲದ ಗೆರೆ ಮೂವತ್ತು ಮೀಟರ್ ಎಳೆದರೂ ಕಾಲು ಕಿಲೋ ದಾಟುವುದಿಲ್ಲ. ಆದರೂ ಗೆರೆಯನ್ನು ಎರಡು ಸಲ ಎಳೆಯಬೇಕಾಗುತ್ತದೆ, ಅಡಿಪದರಕ್ಕೂ ಬಿಳಿ ಬೇಕು. ಆದ್ದರಿಂದ ಬಿಳಿ ಮಾತ್ರ ಧಾರಾಳವಾಗಿ ಇರಲಿ.

ಇಷ್ಟಾದ ಮೇಲೆ ಚಿತ್ರ. ಚುಕ್ಕಿ ರಂಗೋಲಿಯಾದರೆ ನೇರ ಚುಕ್ಕಿ ಯಾರಿಗೂ ತೊಂದರೆ ಕೊಡುವುದಿಲ್ಲ, 7 ಸಾಲು 7 ಚುಕ್ಕಿ ಎಂದರೆ 49. ಎಡವುವುದು ಸಂದು ಚುಕ್ಕಿಯಲ್ಲಿ, ಅಂದರೆ ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುವಂತೆ ಇಡುವಲ್ಲಿ. 15 ಚುಕ್ಕಿ ಇಟ್ಟು 8ಕ್ಕೆ ನಿಲ್ಲಿಸಬೇಕಾದರೆ ಒಟ್ಟು 169 ಚುಕ್ಕಿ. ಮೊದಲು ನಡುವಿನ 15ರ ಸಾಲನ್ನು ದಾರದ ಗುರುತಿನ ಮೇಲೆ ಇಟ್ಟು, ಅಲ್ಲಿಂದ ಮೇಲಕ್ಕೆ ಏಳು ಸಾಲು, ಕೆಳಕ್ಕೆ ಏಳು ಸಾಲು ಇಳಿಸುತ್ತ ಹೋಗಬೇಕು. ಮೇಲಿನಿಂದ ಶುರುಮಾಡಿದರೆ ಸಣ್ಣ ವಾರೆ ಸಾಲಿಂದ ಸಾಲಿಗೆ ಬೆಳೆದು ಕೊನೆಯಲ್ಲಿ ಇಡೀ ಚಿತ್ರ ಒಂದು ಕಡೆಗೆ ವಾಲುತ್ತದೆ. ಇನ್ನೊಂದು ತಪ್ಪು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಸಂದು ಚುಕ್ಕಿಯಲ್ಲಿ ಚುಕ್ಕಿ ಚುಕ್ಕಿಯ ನಡುವೆ ಎರಡು ಇಂಚು ಇದ್ದರೆ ಸಾಲು ಸಾಲಿನ ನಡುವೆ ಒಂದೂಮುಕ್ಕಾಲು ಇಂಚು ಮಾತ್ರ ಇರಬೇಕು. ಅಲ್ಲೂ ಎರಡು ಇಂಚು ಬಿಟ್ಟರೆ ಆರು ಮೂಲೆಯ ನಕ್ಷತ್ರ ಉದ್ದುದ್ದ ಎಳೆದಂತಾಗಿ, ಏನೋ ಸರಿಯಿಲ್ಲ ಎನಿಸುತ್ತದೆ, ಏನೆಂದು ಮಾತ್ರ ತಿಳಿಯುವುದಿಲ್ಲ.

ಚುಕ್ಕಿಯ ಸುತ್ತ ಬಳಸಿ ಹೋಗುವ ಎಳೆ ರಂಗೋಲಿಗೆ ಬಣ್ಣ ತುಂಬಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಅದರ ಸೊಗಸಿರುವುದು ಎಳೆಯ ಮೇಲೆ ಎಳೆ ಹಾದುಹೋಗುವ ಹೆಣಿಗೆಯಲ್ಲಿ. ಸಂದುಗಳಿಗೆ ಹಳದಿ ಕೆಂಪು ಸುರಿದ ಕೂಡಲೇ ಕಣ್ಣು ಬಣ್ಣದ ಚೌಕಗಳನ್ನು ನೋಡುತ್ತದೆ, ಎಳೆ ಕಳೆದುಹೋಗುತ್ತದೆ. ಅದಕ್ಕೆ ಬಿಳಿಯೊಂದೇ ಸಾಕು, ಸುತ್ತ ಕೆಮ್ಮಣ್ಣಿನ ಅಂಚು ಬಂದರೆ ತುಂಬಿತು.

ಬಣ್ಣಕ್ಕೆ ಹೊಂದುವುದು ವೃತ್ತದ ಚಿತ್ರಗಳು. ದಾರದ ಒಂದು ತುದಿಯನ್ನು ನಡುವೆ ಒತ್ತಿ ಹಿಡಿದು, ಇನ್ನೊಂದಕ್ಕೆ ಚಾಕ್‌ಪೀಸು ಕಟ್ಟಿ ಸುತ್ತಬೇಕು. ನೂಲು ಹಿಗ್ಗುತ್ತದೆ, ಹಿಗ್ಗದ ಗೋಣಿದಾರವೋ ವೈರೋ ಇರಲಿ. ಮೂರಡಿ ವೃತ್ತ ಎಂದರೆ ನಡುವಿನಿಂದ ಅಂಚಿಗೆ 18 ಇಂಚು. ಆರು ಎಸಳು ಬೇಕಾದರೆ ಅದೇ 18 ಇಂಚಿನ ದಾರವನ್ನು ಅಂಚಿನ ಮೇಲೆ ಹೆಜ್ಜೆ ಹಾಕಿಸುತ್ತ ಹೋದರೆ ಆರು ಗುರುತು ತಾನಾಗಿ ಕೂಡುತ್ತವೆ. ಎಂಟಕ್ಕೆ ಗುರುತಿನಿಂದ ಗುರುತಿಗೆ 13¾ ಇಂಚು, ಹನ್ನೆರಡಕ್ಕೆ ಒಂಬತ್ತೂಕಾಲಿಗಿಂತ ಕೂದಲೆಳೆ ಹೆಚ್ಚು, ಹದಿನಾರಕ್ಕೆ ಸರಿಯಾಗಿ 7. ಐದು ಎಸಳಿಗೆ 21 ಇಂಚಿನ ಮೇಲೆ ಚೂರು. ವೃತ್ತ ಬೇರೆ ಅಳತೆಯದಾದರೆ ಅದೇ ಪ್ರಮಾಣದಲ್ಲಿ ಹಿಗ್ಗಿಸಿ, ಕುಗ್ಗಿಸಿ.

ಗೆರೆ ಎಳೆಯುವಾಗ ಪುಡಿ ಹೆಬ್ಬೆರಳು ತೋರುಬೆರಳ ನಡುವಿನಿಂದ ಇಳಿಯಬೇಕು, ಮಧ್ಯದ ಬೆರಳು ಕೆಳಗಿನಿಂದ ತಡೆಯಬೇಕು. ಬೆರಳ ತುದಿ ನೆಲದಿಂದ ಅರ್ಧ ಇಂಚಿನಷ್ಟು ಮಾತ್ರ ಮೇಲಿರಲಿ. ಎತ್ತರ ಹೆಚ್ಚಾದಷ್ಟೂ ಗೆರೆ ಅಗಲವಾಗಿ ಅಂಚು ಮಸುಕಾಗುತ್ತದೆ. ಗೆರೆಯ ದಪ್ಪ ನಿರ್ಧಾರವಾಗುವುದು ಕೈಯ ವೇಗದಿಂದ, ಬೆರಳನ್ನು ಬಿಗಿಯುವುದರಿಂದಲ್ಲ. ಬಾಗುಗೆರೆಯಲ್ಲಿ ಕೈ ನಿಧಾನವಾಗಿ ಅಲ್ಲಿ ಪುಡಿ ಗುಡ್ಡೆಯಾಗುವುದು ಅದಕ್ಕೇ. ನಿಲ್ಲಿಸದೆ, ಭುಜದಿಂದ ಇಡೀ ತೋಳನ್ನು ತಿರುಗಿಸಿದರೆ ಬಾಗು ಸಲೀಸಾಗಿ ಬರುತ್ತದೆ. ಮೊದಲ ಸಲ ಗೆರೆ ತೀರ ಸಪೂರ ಇರಲಿ. ಅದು ಬರೀ ಗಡಿ ಗುರುತು, ಬಣ್ಣ ಅದರ ಮೇಲೆ ಸ್ವಲ್ಪ ಹತ್ತಿದರೂ ಚಿಂತೆಯಿಲ್ಲ. ಕಣ್ಣಿಗೆ ಕಾಣುವ ಗೆರೆಯನ್ನು ಬಣ್ಣವೆಲ್ಲ ಮುಗಿದ ಮೇಲೆ ಎಳೆಯುವುದು. ಮೊದಲ ಗೆರೆಯನ್ನೇ ದಪ್ಪ ಮಾಡಿ, ಅದರೊಳಗೆ ಎಚ್ಚರದಿಂದ ಬಣ್ಣ ಸೇರಿಸಲು ಹೋದವರು ದುಪ್ಪಟ್ಟು ಹೊತ್ತು ಕಳೆಯುತ್ತಾರೆ, ಆದರೂ ಗೆರೆಯ ಬದಿಯಲ್ಲಿ ನೆಲ ಇಣುಕುತ್ತದೆ.

ಕಪ್ಪು ಗ್ರಾನೈಟ್, ಕಡಪಾ ಕಲ್ಲಿನ ಮೇಲೆ ಹಳದಿ, ಕಿತ್ತಳೆ ಬಣ್ಣಗಳು ಸೊರಗುತ್ತವೆ. ಅಲ್ಲಿ ಮೊದಲು ಬಿಳಿ ಪುಡಿಯ ತೆಳು ಪದರ ಉದುರಿಸಿ, ಅದರ ಮೇಲೆ ಬಣ್ಣ ಹಾಕಿ. ಬಣ್ಣ ಹೊಳೆಯುತ್ತದೆ, ಕಡಿಮೆಯೂ ಸಾಕಾಗುತ್ತದೆ. ದೊಡ್ಡ ಜಾಗಕ್ಕೆ ಟೀ ಸೋಸುವ ಜರಡಿ ಬಳಸಿ, ನೆಲದಿಂದ ಮೂರು ನಾಲ್ಕು ಇಂಚು ಎತ್ತರದಲ್ಲಿ ಹಿಡಿದು ಬೆರಳಿನಿಂದ ತಟ್ಟಿ. ಗೆರೆಯಾಚೆ ಒಂದು ರಟ್ಟು ಅಡ್ಡ ಇಟ್ಟರೆ ಪಕ್ಕದ ದಳಕ್ಕೆ ಉದುರುವುದಿಲ್ಲ. ಅಂಗೈಯಿಂದ ಸವರಿ ಸಮ ಮಾಡಬೇಡಿ, ಬೆವರು ಹತ್ತಿ ಅಲ್ಲಲ್ಲಿ ಪುಡಿ ಎದ್ದುಬರುತ್ತದೆ. ರಟ್ಟಿನ ಅಂಚಿನಿಂದ ಹಗುರಾಗಿ ಎಳೆದರೆ ಸಮವಾಗುತ್ತದೆ. ನಡುವಿನಿಂದ ಹೊರಕ್ಕೆ ಬನ್ನಿ, ಹಿಮ್ಮೆಟ್ಟುತ್ತ ಹೋದಂತೆ ತುಂಬಿದ ಜಾಗದ ಕಡೆಗೆ ಸೆರಗಾಗಲಿ ಮೊಣಕಾಲಾಗಲಿ ಮತ್ತೆ ಹೋಗುವುದಿಲ್ಲ. ತಿಳಿ ಬಣ್ಣಗಳನ್ನು ಮೊದಲು ಮುಗಿಸಿ, ಕಡು ಬಣ್ಣ ಕಡೆಗೆ. ನೀಲಿ ಮುಟ್ಟಿದ ಬೆರಳು ಹಳದಿಯ ಬಟ್ಟಲಿಗೆ ಹೋದರೆ ಬಟ್ಟಲಿನ ಹಳದಿಯೆಲ್ಲ ಕೊಳೆಯಾಗುತ್ತದೆ.

ದಳಕ್ಕೆ ನೆರಳು ಕೊಡಬೇಕಾದರೆ ಒಂದೇ ಬಣ್ಣದ ಮೂರು ಹದ ಮಾಡಿಟ್ಟುಕೊಳ್ಳಿ. ಹಾಗೇ ಇರುವುದು ಒಂದು, ಸಮಪಾಲು ಬಿಳಿ ಬೆರೆಸಿದ್ದು ಒಂದು, ಮೂರು ಪಾಲು ಬಿಳಿ ಬೆರೆಸಿದ್ದು ಒಂದು. ಬುಡಕ್ಕೆ ಕಡು, ತುದಿಗೆ ತಿಳಿ ಹಾಕಿ, ಅವು ಕೂಡುವ ಕಡೆ ಒಂದು ಬೆರಳಗಲ ಒಂದರ ಮೇಲೊಂದು ತೆಳ್ಳಗೆ ಉದುರಿಸಿದರೆ ಗಡಿ ಕರಗುತ್ತದೆ. ಬೆರಳಿನಿಂದ ತಿಕ್ಕಿ ಕೂಡಿಸಲು ಹೋದರೆ ಕೆಸರಿನ ಬಣ್ಣವೇ ಗತಿ. ತಪ್ಪು ಬಣ್ಣ ಬಿದ್ದರೆ ಊದಬೇಡಿ, ಒರೆಸಬೇಡಿ. ಚಮಚ ಮತ್ತು ರಟ್ಟಿನಿಂದ ಮೇಲಿನದನ್ನು ತೋಡಿ ತೆಗೆದು, ಉಳಿದದ್ದನ್ನು ಬಿಳಿಯಿಂದ ಮುಚ್ಚಿ, ಅದರ ಮೇಲೆ ಸರಿಯಾದ ಬಣ್ಣ ಹಾಕಿ. ಅಲ್ಲೊಂದು ಇಲ್ಲೊಂದು ಬಿದ್ದ ಕಣಗಳನ್ನು ಒಣ ಪೇಂಟ್ ಬ್ರಷ್ಷಿನ ತುದಿಯಿಂದ ಎತ್ತಬಹುದು.

ಅಮಾವಾಸ್ಯೆಯ ಲಕ್ಷ್ಮೀಪೂಜೆಗೆ ಹಾಕುವ ರಂಗೋಲಿಯನ್ನು ಜನ ನೋಡುವುದು ಹಣತೆಯ ಬೆಳಕಿನಲ್ಲಿ. ಆ ಬೆಳಕಿನಲ್ಲಿ ನೀಲಿ, ನೇರಳೆ ಕಪ್ಪಾಗಿ ಕಾಣುತ್ತವೆ. ಕೆಂಪು, ಕಿತ್ತಳೆ, ಹಳದಿ, ಬಿಳಿ ಉರಿಯುತ್ತವೆ. ಹಗಲಿನಲ್ಲಿ ನೋಡುವ ಬಲಿಪಾಡ್ಯಮಿಯ ರಂಗೋಲಿಗೆ ನೀಲಿ ಹಸಿರು ಧಾರಾಳವಾಗಿ ಬಳಸಬಹುದು. ಹೊಸ ಹಣತೆಗಳನ್ನು ಕೆಲವು ಗಂಟೆ ನೀರಿನಲ್ಲಿ ನೆನೆಸಿ ಒಣಗಿಸಿದರೆ ಅವು ಎಣ್ಣೆ ಕುಡಿಯುವುದು ಕಡಿಮೆಯಾಗುತ್ತದೆ. ಆದರೂ ಒಸರಿದ ಎಣ್ಣೆ ಪುಡಿಗೆ ಇಳಿದು ಕಪ್ಪು ಉಂಗುರ ಕಟ್ಟುತ್ತದೆ, ನೆಲಕ್ಕೂ ಹತ್ತುತ್ತದೆ. ಪ್ರತಿ ಹಣತೆಯ ಕೆಳಗೆ ಒಂದು ವೀಳ್ಯದೆಲೆ ಇಡಿ. ದೀಪ ಹಚ್ಚಲು ಕೈ ಎಟುಕುವಂತೆ ಹೊರ ಅಂಚಿನಲ್ಲೇ ಇಟ್ಟರೆ ಸೀರೆಯ ಸೆರಗು ಉರಿಯ ಮೇಲೆ ಹಾಯುವುದಿಲ್ಲ, ಬಣ್ಣವೂ ಉಳಿಯುತ್ತದೆ.

ದೇವರ ಮುಂದೆ ಮತ್ತು ಹೊಸ್ತಿಲಿಗೆ ಕಲ್ಲಿನ ಪುಡಿ, ರಾಸಾಯನಿಕ ಬಣ್ಣ ಬೇಡ. ಕಲಶದ ಕೆಳಗಿನ ಅಷ್ಟದಳಕ್ಕೆ ಅಕ್ಕಿ ಹಿಟ್ಟು, ಅರಿಶಿನ, ಕುಂಕುಮ ಇಷ್ಟೇ ಸಾಕು. ಹಿಟ್ಟು ತೀರ ನಯವಾಗಿ ಬೀಸಿದ್ದಾದರೆ ಬೆರಳಿಗೆ ಅಂಟುತ್ತದೆ, ಸ್ವಲ್ಪ ತರಿಯಾಗಿರುವುದು ಒಳ್ಳೆಯದು. ಹೊಸ್ತಿಲ ಮೇಲೆ ನಿಲ್ಲುವ ರಂಗೋಲಿ ಬೇಕಾದರೆ ಅಕ್ಕಿಯನ್ನು ಎರಡು ಮೂರು ಗಂಟೆ ನೆನೆಸಿ ನುಣ್ಣಗೆ ರುಬ್ಬಿ, ದೋಸೆ ಹಿಟ್ಟಿಗಿಂತ ತೆಳ್ಳಗೆ ಮಾಡಿ, ಸಣ್ಣ ಬಟ್ಟೆ ಅದ್ದಿ ಉಂಗುರ ಬೆರಳಿನ ಮೂಲಕ ಹಿಂಡುತ್ತ ಎಳೆಯಬೇಕು. ಎಳೆಯುವಾಗ ಅದು ಕಾಣುವುದೇ ಇಲ್ಲ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಅಕ್ಕಿ ಹಿಟ್ಟಿಗೆ ಇರುವೆ ಬರಲಿ ಎಂದೇ ಹಿಂದಿನವರು ಹಾಕುತ್ತಿದ್ದರು. ಅದಕ್ಕಾಗಿಯೇ ಆ ಹಿಟ್ಟಿಗೆ ಅಂಗಡಿಯ ಬಣ್ಣ ಬೆರೆಸಬಾರದು.

ತೆಗೆಯುವ ದಿನ ನೀರು ಸುರಿಯಬೇಡಿ. ನೀರು ಬಿದ್ದ ಕೂಡಲೇ ಬಣ್ಣ ಟೈಲ್ಸಿನ ಸಂದಿಗೆ, ಕಲ್ಲಿನ ರಂಧ್ರಕ್ಕೆ ಇಳಿಯುತ್ತದೆ. ಮೊದಲು ರಟ್ಟಿನಿಂದ ಗುಡ್ಡೆ ಮಾಡಿ ಮೊರಕ್ಕೆ ಎತ್ತಿ, ಆಮೇಲೆ ಒಣ ಪೊರಕೆ, ಆಮೇಲೆ ಒಣ ಬಟ್ಟೆ, ಕಡೆಗೆ ಪಾತ್ರೆ ತೊಳೆಯುವ ಸೋಪಿನ ನೀರು. ಕೆಂಪಾದ ಅರಿಶಿನದ ಕಲೆಗೆ ನಿಂಬೆರಸ ಹಾಕಿದರೆ ಮತ್ತೆ ಹಳದಿಯಾಗುತ್ತದೆ, ಹಳದಿ ಬಿಸಿಲಿಗೆ ನಿಧಾನವಾಗಿ ಮಾಸುತ್ತದೆ. ಅಮೃತಶಿಲೆಗೆ, ಕಡಪಾ ಕಲ್ಲಿಗೆ ಮಾತ್ರ ನಿಂಬೆರಸ ಸೋಕಿಸಬೇಡಿ, ಹುಳಿಗೆ ಕಲ್ಲೇ ಸವೆದು ಮಂಕಾಗುತ್ತದೆ. ಗುಡಿಸಿದ ಬಣ್ಣವನ್ನು ಹೂಕುಂಡಕ್ಕೆ ಸುರಿಯುವುದೂ ಬೇಡ.

ಡಬ್ಬಿಯಲ್ಲಿ ಉಳಿದ ಬಣ್ಣಗಳನ್ನು ಒಂದು ಗಂಟೆ ಗಾಳಿಗೆ ಹರಡಿ, ತೇವ ಆರಿದ ಮೇಲೆ ಬಿಗಿ ಮುಚ್ಚಳ ಹಾಕಿಡಿ. ಬಲಿಪಾಡ್ಯಮಿಯಿಂದ ಹನ್ನೆರಡನೆಯ ತಿಥಿಗೆ ಉತ್ಥಾನ ದ್ವಾದಶಿ, ತುಳಸಿ ಹಬ್ಬ. ತುಳಸಿಕಟ್ಟೆಯ ಸುತ್ತ ಎರಡಡಿಯ ಅಂಚಿಗೆ ಆ ಉಳಿಕೆಯೇ ಸಾಕಾಗುತ್ತದೆ, ಹೊಸದಾಗಿ ತರಬೇಕಾದದ್ದು ಬಿಳಿ ಪುಡಿ ಮಾತ್ರ.